ಏಳು ಏಳು ಏಳು

ಹಾಪ್ಸಲುವಿನ ಆಸ್ಪತ್ರೆಯ ನೆಲಮಾಳಿಗೆ.
ಹೊರಗೆ ಕೊಲ್ಲಿ ಹೆಪ್ಪುಗಟ್ಟಿದೆ,
ಮೀನಿಗೆಂದು ಕೊರೆದ ತೂತುಗಳ ಪಕ್ಕ
ಮುದುಕರು ಬಿಟ್ಟುಹೋದ ಸ್ಟೂಲುಗಳು.
ಒಳಗೆ ಹನ್ನೊಂದು ಸರ್ವರುಗಳ ಬಿಸಿಯುಸಿರು.
ಕೋಟು ಕಳಚಿ ಕೂತಿದ್ದೇನೆ,
ನಿರ್ದೇಶಕರು ರುಜು ಹಾಕಿದ ಕಾಗದ ತೊಡೆಯ ಮೇಲೆ:
ಮೂರು ರಾತ್ರಿ ಒಳನುಗ್ಗಲು ಅನುಮತಿ.
ಏನನ್ನೂ ಮುರಿಯಕೂಡದು.

ಕಳ್ಳತನಕ್ಕೂ ಸಂಬಳ ಬರುತ್ತದೆಯೇ
ಎಂದು ನಕ್ಕಿದ್ದಳು ಅಮ್ಮ.

ಕೊಟ್ಟದ್ದು ಕಡುಬಡವನ ಖಾತೆ.
ಪ್ರಿಂಟರಿಗೆ ಕಾಗದ ಕಳಿಸಬಹುದು,
ಊಟದ ಪಟ್ಟಿ ನೋಡಬಹುದು. ಅಷ್ಟೇ.
ನಾನಾರು? ಎಂದು ಟೈಪಿಸಿದೆ.
ತಪಸ್ವಿಗಳನ್ನು ಜನ್ಮವಿಡೀ ಕಾಡಿದ ಪ್ರಶ್ನೆಗೆ
ರೆಪ್ಪೆ ಬಡಿಯುವುದರೊಳಗೆ ಉತ್ತರ ಬಂತು:
ಅತಿಥಿ.

ಸರಿ, ಅತಿಥಿ.
ಜಗಲಿಯ ಅತಿಥಿ ಅಡುಗೆಮನೆಗೆ ಹೋಗುವುದು ಹೇಗೆ?
ಬಾಗಿಲು ಒದೆಯುವುದೆಲ್ಲ ಸಿನಿಮಾದಲ್ಲಿ.
ನನ್ನದು ಕಾಳು ಆರಿಸುವ ಕೆಲಸ.
ಯಾವ ಕಡತಕ್ಕೆ ಯಾರು ಯಜಮಾನ,
ಯಾರ ಹೆಸರಲ್ಲಿ ಯಾರು ದುಡಿಯುತ್ತಾರೆ,
ತನ್ನದಲ್ಲದ ಅಂಗಿ ತೊಟ್ಟು ಓಡಾಡುವ ಪ್ರೋಗ್ರಾಂ ಯಾವುದು,
ಹೊಲಿಗೆ ಬಿಟ್ಟ ಹಳೆಯ ಕರ್ನಲ್ಲು ಎಲ್ಲಿ.
ಒಂದೊಂದೇ ಕಲ್ಲು, ಒಂದೊಂದೇ ನುಸಿ.
ಮೊದಲ ರಾತ್ರಿ ಏನೂ ಸಿಗಲಿಲ್ಲ.
ಎರಡನೆಯ ರಾತ್ರಿ ತಣ್ಣಗಾದ ಕಾಫಿ, ಕತ್ತುನೋವು,
ಮತ್ತು ಆಸ್ಪತ್ರೆಯ ಬಗ್ಗೆ ಸಣ್ಣದೊಂದು ಗೌರವ.

ಮೂರನೆಯ ರಾತ್ರಿ ಒಂದೂವರೆಗೆ ಕಂಡಿತು
ಪುಟ್ಟ ಸ್ಕ್ರಿಪ್ಟು. ಇಪ್ಪತ್ತೆರಡು ಸಾಲು.
ದಿನಾ ನಸುಕಿನ ಮೂರಕ್ಕೆ
ಒಡೆಯನ ಹೆಸರಲ್ಲಿ ತಾನೇ ಎದ್ದು ಓಡಿ
ವಾರ್ಡುವಾರ್ಡಿಗೂ ಮಾತ್ರೆಗಳ ಚೀಟಿ ಅಚ್ಚು ಹಾಕುವುದು.
ಅದರ ಅನುಮತಿಯ ಅಂಕಿ
ಏಳು ಏಳು ಏಳು.
ಯಜಮಾನನಿಗೂ ಏಳು, ಬಳಗಕ್ಕೂ ಏಳು,
ಬೀದಿಯಲ್ಲಿ ಹೋಗುವವರಿಗೂ ಏಳು:
ಯಾರು ಬೇಕಾದರೂ ಓದಿ, ತಿದ್ದಿ, ಓಡಿಸಿ.
ಏಳು, ಎದ್ದೇಳು ಎಂದು
ಯಾರೋ ಭುಜ ಅಲುಗಿಸಿದ ಹಾಗೆ.

ತುದಿಯಲ್ಲಿ ನನ್ನದೊಂದು ಸಾಲು ಸೇರಿಸಿ ಕಾದೆ.
ಮೂರಾಯಿತು. ಮೇಲೆಲ್ಲೋ ಪ್ರಿಂಟರು ಕೆಮ್ಮಿತು.
ನಾನಾರು?
ರೂಟ್, ಎಂದಿತು.

ಬೇರು ಎಂದು ಹೆಸರು,
ಇರುವುದು ಮಾತ್ರ ಎಲ್ಲರ ನೆತ್ತಿಯ ಮೇಲೆ.
ಹೆಸರಿಟ್ಟವರು ಮರ ನೋಡಿದ್ದರೋ ಇಲ್ಲವೋ.

ಈಗ ಯಾರ ರಕ್ತದ ವರದಿಯನ್ನೂ ಓದಬಲ್ಲೆ.
ಯಾರದೋ ಹತ್ತು ಮಿಲಿಗ್ರಾಮನ್ನು ನೂರು ಮಾಡಬಲ್ಲೆ.
ಸೊನ್ನೆಗೆ ಬೆಲೆಯಿಲ್ಲ ಎಂದವರು ಯಾರು.
ಎರಡೂ ಕೈ ಕೀಲಿಮಣೆಯಿಂದ ಎತ್ತಿ
ಮಡಿಲಲ್ಲಿಟ್ಟುಕೊಂಡೆ, ಸ್ವಲ್ಪ ಹೊತ್ತು.
ಆಮೇಲೆ ನನ್ನ ಸಾಲು ಅಳಿಸಿ
ಉಳಿದದ್ದನ್ನು ಮೊದಲಿಂದ ಓದಿದೆ.

ಆರನೆಯ ಸಾಲು, ಯಂತ್ರ ಓದದ ಟಿಪ್ಪಣಿ:
“ಮಾಲ್ಲೆ, ಪ್ರಿಂಟರು ಕೈಕೊಟ್ಟರೆ
ಕೆಳಗಿನ ಎರಡನ್ನು ಮೂರು ಮಾಡು,
ಪಕ್ಕದ ವಾರ್ಡಿನಲ್ಲಿ ಅಚ್ಚಾಗುತ್ತದೆ.
ನನ್ನನ್ನು ಎಬ್ಬಿಸಬೇಡ. ಎಂದೆಲ್.”

ಬೆಳಿಗ್ಗೆ ಮಾಲ್ಲೆಯನ್ನು ಹುಡುಕಿದೆ.
ದಾರಕ್ಕೆ ಕಟ್ಟಿದ ಕನ್ನಡಕ, ನಿವೃತ್ತಿಗೆ ಎಂಟು ತಿಂಗಳು.
“ಎಂದೆಲ್‌ಗೆ ನಿದ್ದೆಯೇ ಹತ್ತುತ್ತಿರಲಿಲ್ಲ.
ಹತ್ತಿದಾಗ ಎಬ್ಬಿಸಲು ನಮಗೆ ಮನಸ್ಸು ಬರುತ್ತಿರಲಿಲ್ಲ.”
ಈಗ?
ಕಿಟಕಿಯತ್ತ ಗಲ್ಲ ಎತ್ತಿದಳು,
ಸ್ಮಶಾನದ ಪೈನ್ ಮರಗಳತ್ತ.
“ಈಗ ಯಾರೂ ಎಬ್ಬಿಸುವುದಿಲ್ಲ.”

ವರದಿ ಬರೆದೆ. ತೀವ್ರತೆ: ಗರಿಷ್ಠ.
ಕಾರಣ ಎಂಬ ಕಾಲಮ್ಮಿನಲ್ಲಿ
ನಿರ್ಲಕ್ಷ್ಯ ಎಂದು ಬರೆದು, ಅಳಿಸಿ,
ಖಾಲಿ ಬಿಟ್ಟರೆ ಫಾರಂ ಒಪ್ಪದೆ
ಮತ್ತೆ ನಿರ್ಲಕ್ಷ್ಯ ಎಂದೇ ಬರೆದೆ.

ಹೊಸ ಹುಡುಗ ರೈಗೊ ಅಂಕಿ ಬದಲಿಸಿದ:
ಏಳು ಸೊನ್ನೆ ಸೊನ್ನೆ.
ಟಿಪ್ಪಣಿ ತೆಗೆದುಬಿಡಲೇ ಎಂದ.
ಬೇಡ ಎಂದೆ, ಕಾರಣ ಕೊಡಲಿಲ್ಲ.

“ಇನ್ನು ಪ್ರಿಂಟರು ಕೈಕೊಟ್ಟರೆ?”
ಔಷಧದ ಗಾಡಿ ತಳ್ಳುತ್ತ ಮಾಲ್ಲೆ ನಿಂತಳು.
ರೈಗೊ ಬ್ಯಾಂಡೇಜಿನ ಪಟ್ಟಿ ಹರಿದು
ತನ್ನ ಫೋನ್ ನಂಬರು ಬರೆದು
ಗಾಡಿಯ ಹಿಡಿಗೆ ಅಂಟಿಸಿದ.
“ಎಬ್ಬಿಸಿ.”